ಗೂಡ್ಸ್ ಗಾಡಿಯ ಗಾಳಿ ಲೆಕ್ಕ

ಮಾನ್ಮತ್ ಜಂಕ್ಷನ್ ಎಂಬ ಹೆಸರು ಕೇಳಿ ನಮ್ಮ ಅರಸೀಕೆರೆಯಂಥ ಊರೊಂದನ್ನು ಕಲ್ಪಿಸಿಕೊಂಡಿದ್ದೆ. ನ್ಯೂಜೆರ್ಸಿಯ ಈ ಊರಿನಲ್ಲಿರುವ ಮಗಳ ಮನೆಗೆ ಬಂದ ಮೇಲೆ ಗೊತ್ತಾಯಿತು: ಇಲ್ಲಿ ಜಂಕ್ಷನ್ ಇದೆ, ಸ್ಟೇಷನ್ ಇಲ್ಲ! ರೈಲು ಹತ್ತಬೇಕೆಂದರೆ ಪಕ್ಕದ ಪ್ರಿನ್ಸ್‌ಟನ್ ಜಂಕ್ಷನ್ನಿಗೋ ಮತ್ತೊಂದು ಕಡೆಗೋ ಹೋಗಬೇಕು. ನ್ಯೂಯಾರ್ಕ್–ವಾಷಿಂಗ್ಟನ್ ವಿದ್ಯುತ್ ರೈಲು ಮಾರ್ಗ ಊರೊಳಗೇ ಹಾದುಹೋಗುತ್ತದೆ. ಜೇಮ್ಸ್‌ಬರ್ಗ್ ಕಡೆಯ ಗೂಡ್ಸ್ ಹಳಿ ಇಲ್ಲಿ ಅದನ್ನು ಕೂಡುತ್ತದೆ. ತಲೆಯ ಮೇಲೆ ವಿದ್ಯುತ್ ತಂತಿಯಿದ್ದರೂ ಸರಕು ಎಳೆಯುವುದು ಡೀಸೆಲ್ ಇಂಜಿನ್. ಕಾನ್‌ರೇಲ್ ಕಂಪನಿ 1981ರಲ್ಲೇ ವಿದ್ಯುತ್ ಇಂಜಿನ್‌ಗಳಿಂದ ಸರಕು ಎಳೆಸುವುದನ್ನು ಬಿಟ್ಟಿತು.

ಚಳಿಗೆ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಮೊಮ್ಮಗ ತನ್ನ ಕಂಪ್ಯೂಟರಿನಲ್ಲಿ ಅಂಥದ್ದೇ ಒಂದು ಇಂಜಿನನ್ನು ನನ್ನ ಕೈಗೆ ಕೊಟ್ಟ. 'ಟ್ರೇನ್ ಸಿಮ್ ವರ್ಲ್ಡ್' ಎಂಬ ಸಿಮ್ಯುಲೇಟರ್ ಅದು. ಇಂಜಿನ್ ಎಸ್‌ಡಿ40-2: 16 ಸಿಲಿಂಡರ್, 3,000 ಅಶ್ವಶಕ್ತಿ, 1972ರಿಂದ ಅಮೆರಿಕದ ಹಳಿಗಳ ಮೇಲಿರುವ ಗಟ್ಟಿ ಕುಳ. ಓಡಿಸಬೇಕಾದದ್ದು ಸ್ಯಾಂಡ್ ಪ್ಯಾಚ್ ಎಂಬ ಬೆಟ್ಟದ ದಾರಿಯಲ್ಲಿ ಕಲ್ಲಿದ್ದಲು ಗಾಡಿ.

ಹೊರಡಿಸುವುದು ಅಂಥ ಕಷ್ಟವೇನಲ್ಲ. ಕಾರಿನಂತೆ ಗೇರು, ಕ್ಲಚ್ಚು ಇಲ್ಲ. ಡೀಸೆಲ್ ಇಂಜಿನ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ವಿದ್ಯುತ್ ಉತ್ಪಾದಿಸುತ್ತದೆ, ಆ ವಿದ್ಯುತ್ತಿನಿಂದ ಆರು ಅಚ್ಚುಗಳ ಮೋಟಾರುಗಳು ತಿರುಗುತ್ತವೆ. ಚಾಲಕನ ಕೈಯಲ್ಲಿರುವುದು ಎಂಟು ಮೆಟ್ಟಿಲಿನ ಒಂದು ಹಿಡಿಕೆ. ಒಂದೊಂದು ಮೆಟ್ಟಿಲಿಗೂ 'ನಾಚ್' ಎಂದು ಹೆಸರು. ಅವಸರದಲ್ಲಿ ನಾಚ್ ಏರಿಸಿದರೆ ಮಾತ್ರ ಎರಡು ತೊಂದರೆ. ಚಕ್ರ ಹಳಿಯನ್ನು ಮುಟ್ಟುವ ಜಾಗ ಒಂದು ಸಣ್ಣ ನಾಣ್ಯದಷ್ಟು. ಅಲ್ಲಿ ಹಿಡಿತ ತಪ್ಪಿದರೆ ಚಕ್ರ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಇನ್ನೊಂದು, ವ್ಯಾಗನ್‌ಗಳ ನಡುವಿನ ಸಡಿಲ. ಒಂದೊಂದು ಜೋಡಣೆಯಲ್ಲೂ ಕೆಲವೇ ಇಂಚು, ನೂರು ವ್ಯಾಗನ್‌ಗೆ ಹತ್ತಾರು ಅಡಿ. ಇಂಜಿನ್ ಮುಂದಕ್ಕೆ ಜಿಗಿದರೆ ಆ ಸಡಿಲವೆಲ್ಲ ಸರಸರ ಬಿಗಿದುಕೊಂಡು ಎಲ್ಲೋ ಒಂದು ಕೊಂಡಿ ಪಟ್ಟೆಂದು ಮುರಿಯುತ್ತದೆ.

ನನ್ನ ಮಾನ ಹೋದದ್ದು ಇಳಿಜಾರಿನಲ್ಲಿ.

ಗೂಡ್ಸ್ ಗಾಡಿಯ ಬ್ರೇಕ್ ಗಾಳಿಯಿಂದ ನಡೆಯುತ್ತದೆ, ಆದರೆ ನಾವಂದುಕೊಳ್ಳುವುದಕ್ಕೆ ತದ್ವಿರುದ್ಧವಾಗಿ. ಗಾಡಿಯ ಉದ್ದಕ್ಕೂ ಒಂದು ಕೊಳವೆ. ಪ್ರತಿ ವ್ಯಾಗನ್ನಿನ ಅಡಿಯಲ್ಲೂ ಒಂದು ಗಾಳಿ ಟ್ಯಾಂಕು. ಕೊಳವೆಯಲ್ಲಿ ಒತ್ತಡ ತುಂಬಿದ್ದರೆ ಬ್ರೇಕ್ ಬಿಟ್ಟಿರುತ್ತದೆ. ಚಾಲಕ ಕೊಳವೆಯ ಗಾಳಿಯನ್ನು ಸ್ವಲ್ಪ ಹೊರಬಿಟ್ಟರೆ, ಟ್ಯಾಂಕಿನ ಗಾಳಿ ಬ್ರೇಕ್ ಸಿಲಿಂಡರಿಗೆ ನುಗ್ಗಿ ಬ್ರೇಕ್ ಹಿಡಿಯುತ್ತದೆ. 1872ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಹೂಡಿದ ಈ ಉಪಾಯದಿಂದ, ಗಾಡಿ ತುಂಡಾಗಿ ಕೊಳವೆ ಹರಿದರೂ ಎರಡೂ ಭಾಗಗಳು ತಾವಾಗಿ ನಿಲ್ಲುತ್ತವೆ.

ಅಮೆರಿಕದ ಗೂಡ್ಸ್ ಗಾಡಿಯ ಕೊಳವೆಯಲ್ಲಿ ಚದರ ಇಂಚಿಗೆ 90 ಪೌಂಡ್ ಒತ್ತಡ. ಅದರಲ್ಲಿ 10 ಪೌಂಡ್ ಇಳಿಸಿದರೆ ಸಿಲಿಂಡರಿನಲ್ಲಿ ಸುಮಾರು 25 ಪೌಂಡ್ ಏರುತ್ತದೆ. 26 ಪೌಂಡ್ ಇಳಿಸಿದಾಗ ಟ್ಯಾಂಕು, ಸಿಲಿಂಡರು ಎರಡೂ 64 ಪೌಂಡಿನಲ್ಲಿ ಸಮವಾಗುತ್ತವೆ. ಅಲ್ಲಿಗೆ ಮುಗಿಯಿತು, ಅದರಾಚೆಗೆ ಎಷ್ಟು ಇಳಿಸಿದರೂ ಮಾಮೂಲಿ ಬ್ರೇಕಿಗೆ ಬಲ ಹೆಚ್ಚುವುದಿಲ್ಲ.

ನಾನು ಮಾಡಿದ್ದು ಕಾರಿನ ಬುದ್ಧಿ. ವೇಗ ಹೆಚ್ಚಿತು, ಬ್ರೇಕ್ ಹಾಕಿದೆ. ತೀರಾ ನಿಧಾನವಾಯಿತು, ಬಿಟ್ಟೆ. ಮತ್ತೆ ವೇಗ ಹೆಚ್ಚಿತು, ಮತ್ತೆ ಹಾಕಿದೆ. ಮೂರನೆಯ ಸಲ ಹಿಡಿಕೆ ಎಳೆದರೆ ಗಾಡಿಗೆ ಅದರ ಪರಿವೆಯೇ ಇಲ್ಲ. "ತಾತ, ಗಾಳಿ ಖಾಲಿ" ಎಂದ ಮೊಮ್ಮಗ, ಲೆಕ್ಕದ ಮೇಷ್ಟರ ಗತ್ತಿನಲ್ಲಿ. ಬ್ರೇಕ್ ಬಿಟ್ಟಾಗ ಮೈಲುದ್ದದ ಕೊಳವೆಯ ಮೂಲಕ ನೂರು ಟ್ಯಾಂಕು ಮತ್ತೆ ತುಂಬಲು ನಿಮಿಷಗಟ್ಟಲೆ ಬೇಕು. ತುಂಬುವ ಮೊದಲೇ ನಾನು ಖರ್ಚು ಮಾಡುತ್ತ ಹೋಗಿದ್ದೆ. ಸಾಲದ್ದಕ್ಕೆ ಅಲ್ಲಿನ ಗೂಡ್ಸ್ ಬ್ರೇಕನ್ನು ಅರ್ಧ ಸಡಿಲಿಸಲು ಬರುವುದಿಲ್ಲ. ಬಿಟ್ಟರೆ ಪೂರ್ತಿ ಬಿಡಬೇಕು. ನಮ್ಮ ರೈಲ್ವೆಯ ಎರಡು ಕೊಳವೆಗಳ ಪದ್ಧತಿ ಈ ವಿಷಯದಲ್ಲಿ ಉದಾರಿ. ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ, ಟ್ಯಾಂಕು ತುಂಬಲೆಂದೇ ಇರುವ ಫೀಡ್ ಪೈಪಿನಲ್ಲಿ 6 ಕಿಲೋ. ಬ್ರೇಕನ್ನು ಹಂತಹಂತವಾಗಿ ಸಡಿಲಿಸಬಹುದು.

ಸರಿಯಾದ ದಾರಿ ಬೇರೆ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಬೇಕು. ಆಮೇಲೆ ಡೈನಮಿಕ್ ಬ್ರೇಕ್ ಹಾಕಬೇಕು. ಆಗ ಎಳೆಯುತ್ತಿದ್ದ ಮೋಟಾರುಗಳೇ ಜನರೇಟರ್ ಆಗುತ್ತವೆ. ಉರುಳುವ ಗಾಡಿಯೇ ಅವನ್ನು ತಿರುಗಿಸುತ್ತ ಸುಸ್ತಾಗುತ್ತದೆ. ಹುಟ್ಟಿದ ವಿದ್ಯುತ್ತು ಇಂಜಿನ್ನಿನ ಮೇಲ್ಭಾಗದ ರೋಧಕ ಜಾಲದಲ್ಲಿ ಬಿಸಿಯಾಗಿ ಹೊರಬೀಳುತ್ತದೆ. ಗಾಳಿಯ ಒಂದು ಪೌಂಡೂ ಖರ್ಚಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯಲ್ಲಿ 50 ಅಡಿ ಸಾಗಿದರೆ ಒಂದಡಿ ಇಳಿತ; ಕ್ಯಾಸಲ್‌ರಾಕ್–ಕುಲೆಂ ನಡುವೆ 37 ಅಡಿಗೇ ಒಂದಡಿ. ಇಂಥ ಕಡೆ ಲೋಕೊ ಪೈಲಟ್ಟಿನ ಜೀವದ ಗೆಳೆಯ ಡೈನಮಿಕ್ ಬ್ರೇಕ್. ಹುಬ್ಬಳ್ಳಿ ಶೆಡ್ಡಿಗೆ ಹೆಸರು ತಂದ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಕೂಡ ಎಸ್‌ಡಿ40-2 ತಯಾರಿಸಿದ ಇಎಂಡಿ ಕಂಪನಿಯದೇ ವಿನ್ಯಾಸ. ಮಾನ್ಮತ್ ಜಂಕ್ಷನ್ನಿನ ಪರದೆಯ ಮೇಲೆ ನಾನು ತಡಕಾಡುತ್ತಿದ್ದದ್ದು ಹುಬ್ಬಳ್ಳಿಯ ಇಂಜಿನ್ನಿನ ದಾಯಾದಿಯನ್ನು.

ಗಾಳಿಯ ಲೆಕ್ಕ ತಪ್ಪಿದರೆ ಆಟದಲ್ಲಿ ಅಂಕ ಹೋಗುತ್ತದೆ, ಅಷ್ಟೆ. 2013ರ ಜುಲೈ 6ರಂದು ಕೆನಡಾದ ಲಾಕ್-ಮೆಗಾಂಟಿಕ್‌ನಲ್ಲಿ ಊರೇ ಹೋಯಿತು. ಕಚ್ಚಾ ತೈಲದ 72 ಟ್ಯಾಂಕರುಗಳ ಗಾಡಿಯನ್ನು ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿದ್ದರು. ಇಂಜಿನ್ನಿನಲ್ಲಿ ಬೆಂಕಿ ಕಾಣಿಸಿತು. ಆರಿಸಲು ಬಂದವರು ಇಂಜಿನ್ ಬಂದ್ ಮಾಡಿದರು. ಅದರೊಂದಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಂತಿತು. ಗಾಳಿ ಮೆಲ್ಲಗೆ ಸೋರಿತು. ಕೈಯಿಂದ ಬಿಗಿದ ಏಳು ಬ್ರೇಕ್ ಆ ಭಾರಕ್ಕೆ ಸಾಲಲಿಲ್ಲ. ಚಾಲಕನಿಲ್ಲದೆ ಉರುಳಿದ ಗಾಡಿ ಊರ ನಡುವೆ ಹಳಿ ತಪ್ಪಿ ಹೊತ್ತಿಕೊಂಡಿತು. ಸತ್ತವರು 47 ಮಂದಿ.

ನಿಜವಾದ ಚಾಲಕರೂ ಸಿಮ್ಯುಲೇಟರಿನಲ್ಲಿ ಕಲಿಯುತ್ತಾರೆ. ನಮ್ಮ ರೈಲ್ವೆಯ ತರಬೇತಿ ಕೇಂದ್ರಗಳಲ್ಲೂ ಅವು ಇವೆ. ಆದರೆ ಹಿಂದಿನ ವ್ಯಾಗನ್‌ಗಳು ಒಂದೊಂದಾಗಿ ಬಂದು ಒತ್ತುವುದನ್ನು ಬೆನ್ನಿನಲ್ಲಿ ಅರಿಯುವ ಪಾಠ ಮೊಮ್ಮಗನ ಕುರ್ಚಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಹಳಬರ ಪಕ್ಕದಲ್ಲಿ ವರ್ಷಗಟ್ಟಲೆ ಕೂರಬೇಕು.

ಕೊನೆಗೊಂದು ಲೆಕ್ಕ. 130 ಟನ್ನಿನ ನೂರು ವ್ಯಾಗನ್ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು 890 ಯೂನಿಟ್ ವಿದ್ಯುತ್ತಿಗೆ ಸಮ. ಇಷ್ಟನ್ನೂ ಬ್ರೇಕುಗಳು ಬಿಸಿಯಾಗಿಸಿ ಕಳೆಯಬೇಕು. ತುರ್ತು ಬ್ರೇಕ್ ಎಳೆದರೂ ಅದರ ಸುದ್ದಿ ಕೊಳವೆಯಲ್ಲಿ ಮೈಲಾಚೆಯ ಕೊನೆಯ ವ್ಯಾಗನ್ನಿಗೆ ತಲುಪಲು ಐದಾರು ಸೆಕೆಂಡು ಬೇಕು. ಗಾಡಿ ನಿಲ್ಲುವಷ್ಟರಲ್ಲಿ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ನಮ್ಮ ಗೂಡ್ಸ್ ಗಾಡಿಗಳು ಇಷ್ಟು ಭಾರವಿರಲಿಕ್ಕಿಲ್ಲ, ಆದರೆ ಲೆಕ್ಕದ ರೀತಿ ಒಂದೇ. ಹಾಕಿದ ಗೇಟಿನ ಕೆಳಗೆ ಬೈಕು ತೂರಿಸುವ ಮುನ್ನ ಇದು ನೆನಪಿರಲಿ. ಲೋಕೊ ಪೈಲಟ್ ನಿಮ್ಮನ್ನು ಕಂಡಿರುತ್ತಾನೆ, ಬ್ರೇಕನ್ನೂ ಎಳೆದಿರುತ್ತಾನೆ. ಆದರೂ ಗಾಡಿ ನಿಲ್ಲುವುದು ನಿಮ್ಮನ್ನು ದಾಟಿದ ಮೇಲೆಯೇ.