ಜಾಲವಿನ್ಯಾಸವೂ ಕಾರ್ಯಸಾಮರ್ಥ್ಯವೂ: ಉಡುಪಿ ಸೀಮೆಯ ನಿದರ್ಶನಗಳು

ಕಡಲಕರೆಯಲ್ಲಿ ಒಣಗಲು ಹರಡಿದ ಬಲೆಯನ್ನು ನೋಡಿದವರಿಗೆ ಅದರಲ್ಲಿ ಎರಡು ಅಂಗಗಳು ಕಾಣುವುವು: ಒಂದು ಗಂಟು; ಇನ್ನೊಂದು ಗಂಟಿನಿಂದ ಗಂಟಿಗೆ ಹಾಯುವ ಎಳೆ. ದಾರಿ, ರೈಲು, ತಂತಿ, ಗಣಕಯಂತ್ರ ಮುಂತಾದವುಗಳ ವ್ಯವಸ್ಥೆಯನ್ನು ವಿಚಾರಿಸುವ ಶಾಸ್ತ್ರವು ಇವೆರಡನ್ನೇ ಮೂಲಪದಾರ್ಥಗಳನ್ನಾಗಿ ಇಟ್ಟುಕೊಂಡಿದೆ. ಗಂಟುಗಳನ್ನು ಎಳೆಗಳು ಯಾವ ಕ್ರಮದಲ್ಲಿ ಕೂಡಿಸಿವೆಯೋ ಆ ಕ್ರಮಕ್ಕೆ ಜಾಲವಿನ್ಯಾಸವೆಂದು ಹೆಸರು. ಆಯ್ಲರನು 1735ರಲ್ಲಿ ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಸುತ್ತಿಬರಲು ಸಾಧ್ಯವಿಲ್ಲವೆಂದು ಸಿದ್ಧಪಡಿಸಿದಾಗ ಅವನಿಗೆ ಸೇತುವೆಗಳ ಅಳತೆ ಬೇಕಾಗಲಿಲ್ಲ. ಅವುಗಳ ಕೂಡಿಕೆಯೇ ಸಾಕಾಯಿತು. ಒಂದು ವ್ಯವಸ್ಥೆಯ ವೇಗ, ಭದ್ರತೆ, ವೆಚ್ಚ ಇವು ಮೂರೂ ಅದರ ಅಂಗಗಳ ಬಲವನ್ನು ಹೇಗೋ ಹಾಗೆಯೇ ಈ ಕೂಡಿಕೆಯನ್ನೂ ಅವಲಂಬಿಸಿರುವುವೆಂಬುದು ಉಡುಪಿ ಸೀಮೆಯ ಕೆಲವು ನಿದರ್ಶನಗಳಿಂದ ವಿಶದವಾಗುವುದು.

ಮೊದಲು ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಂಬ ನಾಲ್ಕು ಊರುಗಳನ್ನೇ ನಾಲ್ಕು ಗಂಟುಗಳೆಂದು ಭಾವಿಸಬಹುದು. ಇವು ಹೇಗಾದರೂ ಒಂದಕ್ಕೊಂದು ಸೇರಿದರೆ ಸಾಕೆಂದರೆ ಮೂರು ಎಳೆಗಳು ಬೇಕು. ಬಳೆಯಂತೆ ಸುತ್ತಿಬರುವಂತೆ ಕೂಡಿಸಿದರೆ ನಾಲ್ಕು ಬೇಕು. ಪ್ರತಿಯೊಂದು ಊರಿನಿಂದಲೂ ಉಳಿದ ಪ್ರತಿಯೊಂದಕ್ಕೂ ನೇರವಾದ ದಾರಿ ಬೇಕೆಂದರೆ ಆರು ಬೇಕು. ನಾಲ್ಕಕ್ಕೆ ಆರಾದುದು ಎಂಟಕ್ಕೆ 28 ಆಗುವುದು. ನೂರಕ್ಕೆ 4,950 ಆಗುವುದು. ಪೂರ್ಣಜಾಲವು ಉತ್ತಮವೆಂದು ಎಲ್ಲರೂ ಒಪ್ಪಿದರೂ ಅದನ್ನು ಕಟ್ಟುವವರು ವಿರಳವಾಗಿರುವುದಕ್ಕೆ ಈ ಲೆಕ್ಕವೇ ಕಾರಣ.

ಒಳದಾರಿಗಳನ್ನು ಬಿಟ್ಟು ಹಿರಿಯ ದಾರಿಗಳನ್ನಷ್ಟೇ ಎಣಿಸಿದರೆ ಈ ನಾಲ್ಕು ಊರುಗಳು ಬಳೆಯ ಆಕಾರದಲ್ಲಿವೆ. ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಬೈಲೂರುಗಳ ಮೇಲೆ ಕಾರ್ಕಳಕ್ಕೆ ಹೋಗಿ, ಅಲ್ಲಿಂದ ಬೆಳ್ಮಣ್ಣಿನ ಮೂಲಕ ಪಡುಬಿದ್ರೆಗೆ ಇಳಿದು, ಕಡಲಕರೆಯ ಹೆದ್ದಾರಿಯಲ್ಲಿ ಕಾಪುವನ್ನು ಹಾದು ಉಡುಪಿಗೆ ಮರಳಬಹುದು. ಕಾಪುವಿಗೂ ಉಡುಪಿಗೂ ಸುಮಾರು 13 ಕಿಲೋಮೀಟರ್ ಅಂತರ. ಉದ್ಯಾವರದ ಸೇತುವೆಯ ಮೇಲೆ ಸಂಚಾರ ನಿಂತಿತೆಂದು ಊಹಿಸಿದರೆ, ಕಾಪುವಿನ ರೋಗಿಯನ್ನು ಮಣಿಪಾಲದ ಆಸ್ಪತ್ರೆಗೆ ಒಯ್ಯುವವರು ಕಾರ್ಕಳವನ್ನು ಬಳಸಿ ಹಲವು ಪಟ್ಟು ದೂರ ಹೋಗಬೇಕಾಗುವುದು, ಆದರೂ ಹೋಗಬಹುದು. ಬಳೆಯ ಗುಣವೇ ಇದು: ಒಂದು ಎಳೆ ಹರಿದರೆ ಕಾಲವು ನಷ್ಟವಾಗುವುದಲ್ಲದೆ ಸಂಬಂಧವು ನಷ್ಟವಾಗದು.

ನಕ್ಷತ್ರವಿನ್ಯಾಸಕ್ಕೆ ನಿದರ್ಶನವನ್ನು ಬ್ಯಾಂಕಿನ ಇತಿಹಾಸದಲ್ಲಿ ಕಾಣಬಹುದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಸಂಗ್ರಾಹಕನು ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಕಾಸುಗಳನ್ನು ಕೂಡಿಸುವನು. ಠೇವಣಿದಾರರಿಗೆ ಪರಸ್ಪರ ಸಂಬಂಧವಿಲ್ಲ. ಎಲ್ಲ ಎಳೆಗಳೂ ಅವನೊಬ್ಬನಲ್ಲಿಯೇ ಸೇರುವುವು. ಹೊಸ ಮನೆಯೊಂದನ್ನು ಸೇರಿಸಲು ಒಂದೇ ಎಳೆ ಸಾಕಾದುದರಿಂದ ಇಂತಹ ಜಾಲವು ಬೇಗನೆ ಬೆಳೆಯುವುದು. ಆದರೆ ಅದರ ಮಿತಿಯು ನಡುವಿನ ಗಂಟಿನಲ್ಲಿಯೇ ಇದೆ. ಸಂಗ್ರಾಹಕನ ದಿನಕ್ಕೆ ಗಂಟೆಗಳೆಷ್ಟೋ ಜಾಲದ ಶಕ್ತಿಯೂ ಅಷ್ಟೇ. ಅವನು ಮಲಗಿದ ದಿನ ಎಲ್ಲ ಮನೆಗಳ ಉಳಿತಾಯವೂ ನಿಲ್ಲುವುದು.

ಇನ್ನು ರೇಖಾವಿನ್ಯಾಸ. 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಲ್ಪಟ್ಟ ಕೊಂಕಣ ರೈಲುಮಾರ್ಗವು ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದವಿದ್ದು, ಬಹುಪಾಲು ಇಂದಿಗೂ ಒಂಟಿ ಹಳಿಯದಾಗಿದೆ. ಎದುರುಬದುರಾಗಿ ಬರುವ ಬಂಡಿಗಳು ನಿಲ್ದಾಣಗಳಲ್ಲಿಯೇ ಒಂದನ್ನೊಂದು ದಾಟಬೇಕು. ಎರಡು ನಿಲ್ದಾಣಗಳ ನಡುವಣ ಪಯಣಕ್ಕೆ 20 ನಿಮಿಷ ಬೇಕೆಂದು ಇಟ್ಟುಕೊಂಡರೆ, ಹೋಗುವ ಬಂಡಿಗೊಮ್ಮೆ ಬರುವ ಬಂಡಿಗೊಮ್ಮೆ ಎಡೆಗೊಡುವಾಗ ಒಂದು ಜೋಡಿಗೆ 40 ನಿಮಿಷವಾಗಿ, ಹಗಲಿರುಳು ಓಡಿಸಿದರೂ ದಿನಕ್ಕೆ 36 ಜೋಡಿಗಳನ್ನು ಮೀರಲಾಗದು. ನಡುವೆ ದಾಟುವ ನಿಲ್ದಾಣವೊಂದನ್ನು ಮಾಡಿದರೆ ಪ್ರತಿ ತುಂಡಿಗೂ 10 ನಿಮಿಷವಾಗಿ ಆ ಮೇಲ್ಮಿತಿಯು 72ಕ್ಕೆ ಏರುವುದು. ಉಡುಪಿಗೂ ಪಡುಬಿದ್ರೆಗೂ ನಡುವೆ, ಕಾಪುವಿಗೆ ಸಮೀಪದಲ್ಲಿ, ಮೊದಲು ಬರಿಯ ತಂಗುದಾಣವಾಗಿದ್ದ ಇನ್ನಂಜೆಯನ್ನು ದಾಟುವ ನಿಲ್ದಾಣವನ್ನಾಗಿ ಮಾಡಿದುದರ ಮರ್ಮವಿದು. ದಾರಿಯು ಉದ್ದವಾಗಲಿಲ್ಲ, ಎಂಜಿನು ಬಲಿಯಲಿಲ್ಲ. ಒಂದು ಗಂಟು ಹೆಚ್ಚಿತು. ಆದರೆ ಇಡೀ ಮಾರ್ಗದ ಸಾಮರ್ಥ್ಯವನ್ನು ನಿರ್ಣಯಿಸುವುದು ಅತಿ ನಿಧಾನವಾದ ತುಂಡೇ ಆದುದರಿಂದ, ಒಂದೆಡೆಯ ಸುಧಾರಣೆಯ ಫಲವು ಉಳಿದೆಡೆಗಳ ಸುಧಾರಣೆಯನ್ನು ಕಾದಿರುವುದು.

ರೇಖೆಯ ದೋಷವೂ ಇಲ್ಲಿಯೇ ಕಂಡುಬಂದಿದೆ. 2024ರ ಜುಲೈಯಲ್ಲಿ ಗೋವೆಯ ಪೆರ್ಣೆಮಿನ ಸುರಂಗದೊಳಗೆ ನೀರು ನುಗ್ಗಲು, ಕೆಲವು ಬಂಡಿಗಳು ರದ್ದಾದುವು. ಕೆಲವು ಬಹುದೂರ ಸುತ್ತಿ ಬೇರೆ ಮಾರ್ಗವನ್ನು ಹಿಡಿದುವು. ಉಡುಪಿಯ ನಿಲ್ದಾಣದಲ್ಲಿ ಯಾವ ಲೋಪವೂ ಇರಲಿಲ್ಲ. ರೇಖೆಯಲ್ಲಿ ದೂರದ ಗಾಯವೂ ಹತ್ತಿರದ ನೋವಾಗುವುದು.

ಬಳೆಯನ್ನು ದಾರಿಯಾಗಿ ಮಾತ್ರವಲ್ಲ, ಸರದಿಯ ನಿಯಮವಾಗಿಯೂ ಬಳಸಬಹುದು. ಉಡುಪಿಯ ಅಷ್ಟಮಠಗಳ ಪರ್ಯಾಯವು ಇದಕ್ಕೆ ನಿದರ್ಶನ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಶ್ರೀಕೃಷ್ಣಪೂಜೆಯ ಸರದಿಯನ್ನು ಸೋದೆ ಮಠದ ವಾದಿರಾಜತೀರ್ಥರು ಎರಡು ವರ್ಷಗಳಿಗೆ ವಿಸ್ತರಿಸಿದರೆಂದು ಪರಂಪರೆಯು ಹೇಳುವುದು. ಅಧಿಕಾರದ ಗುರುತಾಗಿ ಅಕ್ಷಯಪಾತ್ರೆಯೂ ಸಟ್ಟುಗವೂ ಕೈಯಿಂದ ಕೈಗೆ ಸಾಗುವುವು. ಅವನ್ನು ಪಡೆದ ಮಠವೇ ಪೂಜೆಗೆ ಅಧಿಕಾರಿ. 16 ವರ್ಷಗಳಿಗೆ ಒಂದು ಸುತ್ತು; ಸರದಿ ಮುಗಿಸಿದ ಮಠಕ್ಕೆ 14 ವರ್ಷಗಳ ನಿರೀಕ್ಷೆ. 1980ರ ದಶಕದಲ್ಲಿ ಬಳಕೆಗೆ ಬಂದ ‘ಟೋಕನ್ ರಿಂಗ್’ ಎಂಬ ಗಣಕಜಾಲದ ನಿಯಮವೂ ಇಂತಹುದೇ: ಗುರುತನ್ನು ಪಡೆದ ಯಂತ್ರವೊಂದೇ ಮಾತನಾಡಬಹುದು. 1973ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಈಥರ್ನೆಟ್’ ಜಾಲದಲ್ಲಾದರೋ ಯಂತ್ರಗಳೆಲ್ಲ ಒಂದೇ ತಂತಿಯನ್ನು ಹಂಚಿಕೊಂಡು, ಅದು ಬಿಡುವಾಗಿ ಕಂಡೊಡನೆ ಮಾತನಾಡುವುವು. ಇಬ್ಬರ ಮಾತು ತಾಕಿದರೆ ಇಬ್ಬರೂ ನಿಲ್ಲಿಸಿ ಮತ್ತೆ ಯತ್ನಿಸಬೇಕು. ಕೆಲಸ ಕಡಿಮೆಯಿದ್ದಾಗ ಇದು ಚುರುಕು. ಕೆಲಸ ಹೆಚ್ಚಿದಾಗ ತಾಕಲಾಟದಲ್ಲಿಯೇ ಕಾಲ ಕಳೆಯುವುದು. ಸರದಿಯ ಕ್ರಮದಲ್ಲಿ ಒಬ್ಬನೇ ಇದ್ದರೂ ಕಾಯಬೇಕು. ಆದರೆ ಎಷ್ಟು ಜನರಿದ್ದರೂ ಕಾಯುವಿಕೆಗೆ ಒಂದು ಕೊನೆಯುಂಟು.

ಸರದಿಯ ಬಳೆಯಲ್ಲಿ ಒಂದು ಗಂಟು ಸಡಿಲಿದರೆ ಗತಿಯೇನು? ಅಷ್ಟಮಠಗಳು ಇದಕ್ಕೆ ದ್ವಂದ್ವಮಠಗಳ ಏರ್ಪಾಡನ್ನು ಮಾಡಿಕೊಂಡಿವೆ. 2018ರಲ್ಲಿ ಶೀರೂರು ಮಠದ ಪೀಠವು ತೆರವಾದಾಗ ಅದರ ದ್ವಂದ್ವವಾದ ಸೋದೆ ಮಠವು ಆಡಳಿತವನ್ನು ವಹಿಸಿಕೊಂಡಿತು. 2021ರಲ್ಲಿ ಪೀಠಕ್ಕೆ ಉತ್ತರಾಧಿಕಾರಿಯು ಬಂದರು. ಎಂಟು ಮಠಗಳಿಗೆ 28 ಎಳೆಗಳನ್ನು ಹೆಣೆಯದೆ, ನಾಲ್ಕು ಜೋಡಿಗಳಿಂದಲೇ ಸುತ್ತು ಕಡಿಯದಂತೆ ಕಾಯ್ದುಕೊಂಡ ಈ ಕ್ರಮವು ಮಿತವ್ಯಯಕ್ಕೂ ಭದ್ರತೆಗೂ ಸಂಧಿಯಾಗಿದೆ.

ಇದರಿಂದ ತಿಳಿಯುವುದೇನೆಂದರೆ, ಎಲ್ಲ ಕಾಲಕ್ಕೂ ಎಲ್ಲ ಕೆಲಸಕ್ಕೂ ಶ್ರೇಷ್ಠವಾದ ವಿನ್ಯಾಸವೊಂದಿಲ್ಲ. ರೇಖೆಯು ಅಗ್ಗ, ಆದರೆ ದುರ್ಬಲ. ನಕ್ಷತ್ರವು ಸುಲಭ, ಆದರೆ ಕೇಂದ್ರಾಧೀನ. ಬಳೆಯು ಭದ್ರ, ಆದರೆ ನಿಧಾನ. ಪೂರ್ಣಜಾಲವು ನಿರ್ದುಷ್ಟ, ಆದರೆ ದುಬಾರಿ. ಪಡುವಣಕ್ಕೆ ಕಡಲೂ ಮೂಡಣಕ್ಕೆ ಘಟ್ಟವೂ ಒತ್ತಿನಿಂತ ಸೀಮೆಯಲ್ಲಿ ರೇಖೆಯು ತಾನಾಗಿ ಮೂಡುವುದು. ಬಳೆಯನ್ನು ಮಾತ್ರ ಯತ್ನದಿಂದ ಕಟ್ಟಬೇಕು. ಆದಕಾರಣ ಯಾವುದೇ ವ್ಯವಸ್ಥೆಯನ್ನು ಪರೀಕ್ಷಿಸುವವರು ಎಳೆಗಳ ಬಲವನ್ನು ಅಳೆಯುವುದಕ್ಕೆ ಮುನ್ನ ಯಾವ ಒಂದು ಎಳೆ ಹರಿದರೆ ಜಾಲವು ಇಬ್ಭಾಗವಾಗುವುದೆಂದು ಕೇಳುವುದು ಯುಕ್ತ; ಆ ಪ್ರಶ್ನೆಯನ್ನು ಎಳೆ ಹರಿಯುವುದಕ್ಕೆ ಮೊದಲೇ ಕೇಳುವುದು ಇನ್ನೂ ಯುಕ್ತ.