ಗಣಿ ಮುಚ್ಚಿತು ಸರಿ, ಚಿನ್ನ ಮುಗಿಯಿತೇ?

ಬಂಗಾರಪೇಟೆ ಕಡೆ ಯಾರನ್ನು ಮಾತಾಡಿಸಿದರೂ ಒಂದೇ ಮಾತು: "ಕೆಜಿಎಫ್ ಒಳಗೆ ಇನ್ನೂ ಚಿನ್ನ ರಾಶಿ ಬಿದ್ದಿದೆ ಸ್ವಾಮಿ, ಸುಮ್ಮನೆ ಮುಚ್ಚಿಬಿಟ್ರು!"

ನೆಲದೊಳಗೆ ಚಿನ್ನ ರಾಶಿ ಬೀಳುವುದಿಲ್ಲ. ಬಿರುಕಿನಲ್ಲಿ ಅಡಗಿ ಕೂತಿರುತ್ತದೆ.

ಕಥೆ 250 ಕೋಟಿ ವರ್ಷಕ್ಕೂ ಹಿಂದಿನದು. ಕೋಲಾರದ ಗಣಿಯ ಕರಿಕಲ್ಲು ಮೊದಲು ಸಮುದ್ರದ ತಳದಲ್ಲಿ ಹರಿದ ಲಾವಾ. ಅದು ಆಳಕ್ಕೆ ಹೂತುಹೋಯಿತು. ಎರಡೂ ಪಕ್ಕದಿಂದ ಒತ್ತಡ ಬಿತ್ತು, ಗಾಣಕ್ಕೆ ಸಿಕ್ಕ ಕಬ್ಬಿನ ಗತಿ! ಕಲ್ಲು ಕಾದು ಅದರ ಜಾತಿಯೇ ಬದಲಾಯಿತು. ಮಡಿಚಿತು, ಸೀಳಿತು. ಕಾದ ಕಲ್ಲುಗಳಿಂದ ಬಿಸಿನೀರು ಹೊರಟಿತು. ಅದರಲ್ಲಿದ್ದ ಗಂಧಕ, ಕಣ್ಣಿಗೆ ಕಾಣದಷ್ಟು ಚೂರುಚೂರಾಗಿದ್ದ ಚಿನ್ನವನ್ನು ಕರಗಿಸಿ ಹೊತ್ತು ತಂತು.

ನೀರು ಸೀಳಿನಲ್ಲಿ ಮೇಲೇರಿತು. ಸೀಳು ತಟಕ್ಕನೆ ಬಾಯಿ ಬಿಟ್ಟಾಗ ಒತ್ತಡ ಇಳಿಯಿತು. ಗೋಲಿ ಸೋಡಾ ಒಡೆದಾಗ ಗ್ಯಾಸ್ ನುಗ್ಗುತ್ತದಲ್ಲ, ಹಾಗೆ. ನೀರಿಗೆ ಹೊರೆ ಹೊರಲಾಗಲಿಲ್ಲ. ಬಿಳಿ ಬೆಣಚುಕಲ್ಲು ಗಟ್ಟಿಯಾಯಿತು, ಜೊತೆಗೆ ಚಿನ್ನವೂ ನಿಂತಿತು. ಹೀಗೆ ಒಂದು ಸಲವಲ್ಲ, ಸಾವಿರ ಸಲ. ಗಣಿಯವರು 'ರೀಫ್' ಅನ್ನುವುದು ಇದನ್ನೇ. ಕಲ್ಲು ಮಡಿಚಿದ ಕಡೆ ದಪ್ಪ, ಎಳೆದ ಕಡೆ ಬರೀ ಗೆರೆ.

ಆ ಗೆರೆ ಹಿಡಿದು ನಮ್ಮವರು 3 ಕಿಲೋಮೀಟರ್‌ಗೂ ಹೆಚ್ಚು ಆಳ ಇಳಿದರು. ಅಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟಿತ್ತು. ಕಲ್ಲೇ ಸಿಡಿದು ಎಷ್ಟೋ ಜೀವ ಹೋದವು.

ಈಗ ಅಂಗಡಿ ಲೆಕ್ಕ ಹಾಕೋಣ. ಸುಮಾರು 120 ವರ್ಷದಲ್ಲಿ 5 ಕೋಟಿ ಟನ್ ಕಲ್ಲು ಒಡೆದು ಸಿಕ್ಕಿದ್ದು 800 ಟನ್ ಚಿನ್ನ. ಅಂದರೆ ಟನ್ ಕಲ್ಲಿಗೆ ಸರಾಸರಿ 16 ಗ್ರಾಂ, ಎರಡು ಸವರನ್. ಕೊನೆಕೊನೆಗೆ ಅದು 3 ಗ್ರಾಮಿನ ಆಸುಪಾಸಿಗೆ ಇಳಿಯಿತು. ಬಂದದ್ದಕ್ಕಿಂತ ಖರ್ಚೇ ಜಾಸ್ತಿ. 2001ರ ಫೆಬ್ರವರಿ 28ರಂದು ಬಾಗಿಲು ಬಿತ್ತು.

ಚಿನ್ನ ಮುಗಿದಿಲ್ಲ ಅನ್ನೋದು ನಿಜ. ಸೈನೈಡ್ ಗುಡ್ಡಗಳಲ್ಲೂ ಇದೆ, ಆದರೆ ಟನ್‌ಗೆ ಒಂದು ಗ್ರಾಮೂ ಇಲ್ಲ. ಇವತ್ತಿಗೂ ಗಣಿ ಕಾರ್ಮಿಕರ ಮಕ್ಕಳು ಮುಂಜಾನೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. 'ಗಣಿ ತೆರೆಸುತ್ತೇವೆ' ಎಂದು ವೋಟು ಕೇಳಲು ಬರುವವರನ್ನು ಅವರು ಕೇಳಬೇಕಾದದ್ದು ಒಂದೇ: "ಟನ್‌ಗೆ ಎಷ್ಟು ಗ್ರಾಂ ಸ್ವಾಮಿ?"