ಗೂಬೆಯ ರೆಕ್ಕೆಯೂ ಕಂಪ್ಯೂಟರಿನ ಫ್ಯಾನೂ

ಹಾಸನದ ಓದುಗರೊಬ್ಬರ ಪ್ರಶ್ನೆ ಹೀಗಿದೆ: ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಐದಾರು ವರ್ಷ ವಯಸ್ಸು. ಕೆಲಸಕ್ಕೇನೂ ಕೊರತೆಯಿಲ್ಲ. ಆದರೆ ರಾತ್ರಿ ಮಗಳು ಅದರ ಮುಂದೆ ಓದಲು ಕೂತರೆ ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಗುಂಯ್‌ಗುಟ್ಟುವ ಸದ್ದು ಕೇಳುತ್ತದೆ. ಲಿಕ್ವಿಡ್ ಕೂಲರ್ ಹಾಕಿಸಿ, ಹೊಸ ಕ್ಯಾಬಿನೆಟ್ ಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಅಷ್ಟು ದುಡ್ಡು ಸುರಿಯದೆ ಸದ್ದು ಇಳಿಸಲು ದಾರಿಯಿದೆಯೆ?

ಇದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ದಾರಿಗೆ ಒಂದು ರೂಪಾಯಿಯೂ ಬೇಡ. ಅದರ ಹಿಂದಿನ ಲೆಕ್ಕವನ್ನು ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ನಂಬುವುದಿಲ್ಲ.

ಕಂಪ್ಯೂಟರಿನೊಳಗೆ ಸದ್ದು ಮಾಡುವ ಭಾಗಗಳು ಬೆರಳೆಣಿಕೆಯಷ್ಟು: ಪ್ರೊಸೆಸರ್ ಮೇಲಿನ ಫ್ಯಾನು, ಕ್ಯಾಬಿನೆಟ್ಟಿನ ಬೆನ್ನಿಗಿರುವ ಫ್ಯಾನು, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಒಳಗಿನದು, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರದ್ದು, ಹಳೆಯ ಯಂತ್ರವಾದರೆ ಹಾರ್ಡ್ ಡಿಸ್ಕ್. ಎರಡು ಫ್ಯಾನುಗಳು ಒಂದೇ ಸಮನಾಗಿ ಸದ್ದು ಮಾಡುತ್ತಿವೆ ಎಂದಿಟ್ಟುಕೊಳ್ಳಿ. ಒಂದನ್ನು ಕಿತ್ತರೆ ಸದ್ದು ಅರ್ಧವಾಗಬೇಕಲ್ಲವೆ? ಶಬ್ದದ ಶಕ್ತಿ ಅರ್ಧವಾಗುತ್ತದೆ, ನಿಜ. ಆದರೆ ಕಿವಿ ಹಾಗೆ ಅಳೆಯುವುದಿಲ್ಲ. ಶಕ್ತಿ ಅರ್ಧವಾದರೆ ಇಳಿಯುವುದು 3 ಡೆಸಿಬೆಲ್ ಮಾತ್ರ. ಗಮನವಿಟ್ಟು ಕೇಳಿದವರಿಗೆ ವ್ಯತ್ಯಾಸ ಗೊತ್ತಾದೀತು, ಅಷ್ಟೆ. ಸದ್ದು ಅರ್ಧಕ್ಕಿಳಿಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಅಂದರೆ ಶಬ್ದದ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಬರಬೇಕು.

ಈಗ ಎರಡು ಫ್ಯಾನುಗಳನ್ನೂ ಇದ್ದಲ್ಲೇ ಬಿಟ್ಟು ಅವುಗಳ ವೇಗವನ್ನು ಅರ್ಧಕ್ಕೆ ತನ್ನಿ. ನಿಮಿಷಕ್ಕೆ 1,800 ಸುತ್ತು ತಿರುಗುತ್ತಿದ್ದದ್ದು 900 ಆಗಲಿ. ಫ್ಯಾನು ನೂಕುವ ಗಾಳಿ ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ ಅದೂ ಅರ್ಧವಾಗುತ್ತದೆ. ಶಬ್ದದ ಶಕ್ತಿ ಮಾತ್ರ ಬೇರೆಯದೇ ಲೆಕ್ಕದಲ್ಲಿ ನಡೆಯುತ್ತದೆ: ಅದು ವೇಗದ ಐದನೇ ಘಾತವನ್ನು ಹಿಂಬಾಲಿಸುತ್ತದೆ. ಐದು ಎರಡುಗಳನ್ನು ಗುಣಿಸಿದರೆ 32. ವೇಗ ಅರ್ಧವಾದರೆ ಶಬ್ದದ ಶಕ್ತಿ ಮೂವತ್ತೆರಡರಲ್ಲಿ ಒಂದು ಪಾಲು! ಡೆಸಿಬೆಲ್ ಲೆಕ್ಕದಲ್ಲಿ 15ರಷ್ಟು ಇಳಿಕೆ. ಅರ್ಧ ಗಾಳಿ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಬೇಡ, ಐದರಲ್ಲಿ ಒಂದು ಪಾಲು ಮಾತ್ರ ಬಿಟ್ಟುಕೊಡಿ. 1,500 ಸುತ್ತನ್ನು 1,200 ಮಾಡಿದರೆ ಗಾಳಿ ಶೇ. 80ರಷ್ಟು ಉಳಿಯುತ್ತದೆ, ಶಬ್ದದ ಶಕ್ತಿ ಆಗಲೇ ಮೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಒಂದು ಫ್ಯಾನನ್ನು ಪೂರ್ತಿ ಕಿತ್ತೆಸೆದರೂ ಇಷ್ಟು ಲಾಭವಿಲ್ಲ.

ಈ ಐದನೇ ಘಾತ ಎಲ್ಲಿಂದ ಬಂತು? ಗಾಳಿ ತಾನೇ ಹುಟ್ಟಿಸುವ ಸದ್ದಿನ ಗಣಿತಕ್ಕೆ ಅಡಿಪಾಯ ಹಾಕಿದವರು ಬ್ರಿಟನ್ನಿನ ಜೇಮ್ಸ್ ಲೈಟ್‌ಹಿಲ್. ಜೆಟ್ ವಿಮಾನಗಳು ಇನ್ನೂ ಹೊಸತಾಗಿದ್ದ 1952ರಲ್ಲಿ, ಜೆಟ್ಟಿನಿಂದ ಚಿಮ್ಮುವ ಗಾಳಿಯ ಸದ್ದು ಅದರ ವೇಗದ ಎಂಟನೇ ಘಾತದಂತೆ ಏರುತ್ತದೆ ಎಂದು ಅವರು ತೋರಿಸಿದರು. ಇಲ್ಲಿ ಸ್ವಾರಸ್ಯವೊಂದಿದೆ. ಎಂಟನೇ ಘಾತವೆಂದರೆ, ವೇಗ ತಗ್ಗಿದಂತೆ ಸದ್ದು ಇನ್ನೂ ಬೇಗ ಕುಸಿಯಬೇಕು. ಮೆಲ್ಲಗೆ ಬೀಸುವ ಗಾಳಿ ಹೆಚ್ಚೂಕಡಿಮೆ ಮೌನವಾಗಿಯೇ ಇರಬೇಕು. ಹಾಗಿದ್ದೂ ರೆಕ್ಕೆ, ಫ್ಯಾನು ಏಕೆ ಸದ್ದು ಮಾಡುತ್ತವೆ? 1970ರಲ್ಲಿ ಫೋಕ್ಸ್ ವಿಲಿಯಮ್ಸ್ ಮತ್ತು ಹಾಲ್ ಎಂಬ ವಿಜ್ಞಾನಿಗಳು ಇದಕ್ಕೆ ಉತ್ತರ ಕೊಟ್ಟರು. ಸುಳಿಗಳು ತುಂಬಿದ ಗಾಳಿ ಚೂಪಾದ ಅಂಚೊಂದರ ಮೇಲೆ ಹಾದುಹೋಗುವಾಗ, ಆ ಅಂಚು ಸುಳಿಗಳ ಒತ್ತಡವನ್ನು ಶಬ್ದವಾಗಿ ಹೊರಗೆ ಚೆಲ್ಲುತ್ತದೆ. ಆ ಶಬ್ದ ವೇಗದ ಐದನೇ ಘಾತದಂತೆ ನಡೆಯುತ್ತದೆ. ಫ್ಯಾನು ತಯಾರಕರು ಅಳತೆ ಮಾಡಿ ಕಂಡುಕೊಂಡ ನಿಯಮವೂ ಅದರ ಆಸುಪಾಸಿನಲ್ಲೇ ಇದೆ. ಸದ್ದಿನ ಮೂಲ ಬರೀ ಗಾಳಿಯಲ್ಲ, ರೆಕ್ಕೆಯ ಅಂಚು.

ಅಂಚಿನ ಈ ಸಮಸ್ಯೆಯನ್ನು ಗೂಬೆ ಮನುಷ್ಯನಿಗಿಂತ ಎಷ್ಟೋ ಕಾಲ ಮೊದಲೇ ಬಿಡಿಸಿಕೊಂಡಿದೆ. ಕತ್ತಲಲ್ಲಿ ಇಲಿಯ ಮೇಲೆ ಎರಗುವ ಗೂಬೆಗೆ ಮೌನ ಎರಡು ಕಾರಣಕ್ಕೆ ಬೇಕು. ಇಲಿಗೆ ಸುಳಿವು ಸಿಗಬಾರದು. ಜೊತೆಗೆ ಇಲಿಯ ಸರಪರ ಸದ್ದು ತನ್ನದೇ ರೆಕ್ಕೆಯ ಗದ್ದಲದಲ್ಲಿ ಮುಳುಗಬಾರದು, ಏಕೆಂದರೆ ಕಣಜ ಗೂಬೆ ಗಾಢ ಕತ್ತಲಲ್ಲೂ ಬರೀ ಕಿವಿಯ ಬಲದಿಂದ ಬೇಟೆಯನ್ನು ಹಿಡಿಯಬಲ್ಲದು. 1934ರಲ್ಲಿ ಆರ್. ಆರ್. ಗ್ರಹಾಂ ಎಂಬ ಬ್ರಿಟಿಷ್ ಅಧಿಕಾರಿ ಅದರ ರೆಕ್ಕೆಯ ಮೂರು ವಿಶೇಷಗಳನ್ನು ಪಟ್ಟಿ ಮಾಡಿದರು: ಮುಂದಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಸಾಲು, ಗರಿಗಳ ಮೇಲ್ಮೈ ತುಂಬ ಮಖಮಲ್ಲಿನಂಥ ನವಿರು ರೋಮ, ಹಿಂದಂಚಿನಲ್ಲಿ ಮೆತ್ತನೆಯ ಜಾಲರು. ಮೇಲಾಗಿ ದೇಹದ ತೂಕಕ್ಕೆ ಹೋಲಿಸಿದರೆ ಗೂಬೆಯ ರೆಕ್ಕೆ ಬಹಳ ಅಗಲ. ಹಾಗಾಗಿ ಅದು ಉಳಿದ ಹಕ್ಕಿಗಳಿಗಿಂತ ನಿಧಾನವಾಗಿ ಹಾರಬಲ್ಲದು. ಐದನೇ ಘಾತದ ಪೂರ್ತಿ ಲಾಭ ಅದಕ್ಕೆ.

ಎಂಜಿನಿಯರುಗಳು ಇದನ್ನು ಸುಮ್ಮನೆ ಬಿಡಲಿಲ್ಲ. 1997ರಲ್ಲಿ ಓಡಲು ಶುರುವಾದ ಜಪಾನಿನ 500 ಸರಣಿಯ ಶಿಂಕಾನ್ಸೆನ್ ರೈಲಿನಲ್ಲಿ, ವಿದ್ಯುತ್ ತಂತಿಗೆ ತಾಗುವ ಕಂಬಿಯ ಸದ್ದು ತಗ್ಗಿಸಲು ಗೂಬೆಯ ಗರಿಯಿಂದ ಪಾಠ ಕಲಿತರು. ಜರ್ಮನಿಯ ಜೀಲ್-ಆಬೆಗ್ ಕಂಪನಿ ಹಲ್ಲುಹಲ್ಲಾದ ಹಿಂದಂಚಿನ ದೊಡ್ಡ ಫ್ಯಾನುಗಳನ್ನು ಮಾಡುತ್ತದೆ. ಕಂಪ್ಯೂಟರಿನ ಸದ್ದಿಲ್ಲದ ಫ್ಯಾನುಗಳಿಗೆ ಹೆಸರಾದ ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಲಾಂಛನವೇ ಗೂಬೆ.

ನಮ್ಮಲ್ಲಿ ಇದೇ ಹಕ್ಕಿ ಮನೆಯ ಮೇಲೆ ಕೂತರೆ ಅಪಶಕುನ, ಕೂಗಿದರೆ ಸಾವು. ದೀಪಾವಳಿ ಹತ್ತಿರ ಬಂದರೆ ಮಾಟಕ್ಕೆಂದು ಗೂಬೆಗಳನ್ನು ಹಿಡಿದು ಮಾರುವ, ಕೊಲ್ಲುವ ದಂಧೆ ಇಂದಿಗೂ ನಿಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಹೊಲದ ಇಲಿಗಳನ್ನು ಪುಕ್ಕಟೆ ಹಿಡಿದುಕೊಡುವ ಹಕ್ಕಿಗೆ ಕಲ್ಲು ಹೊಡೆಯುವುದು ಅನ್ಯಾಯವೂ ಹೌದು, ಅವಿವೇಕವೂ ಹೌದು.

ಇನ್ನು ಹಾಸನದ ಮೇಜಿಗೆ ಬರೋಣ. ಫ್ಯಾನಿನ ವೇಗ ಇಳಿಸುವುದೆಂದರೆ ಅನೇಕರಿಗೆ ಭಯ: ಬಿಸಿಯಾಗಿ ಸುಟ್ಟುಹೋದರೆ? ಕಂಪ್ಯೂಟರ್ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಈಗಿನ ಪ್ರೊಸೆಸರುಗಳ ತಯಾರಕರೇ ಅದನ್ನು ಒಪ್ಪುವುದಿಲ್ಲ. ಇಂಟೆಲ್‌ನ ಅನೇಕ ಡೆಸ್ಕ್‌ಟಾಪ್ ಚಿಪ್ಪುಗಳ ಮಿತಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜನ್ 7000 ಸರಣಿಯ ಬಹಳಷ್ಟು ಚಿಪ್ಪುಗಳದ್ದು 95. ಮಿತಿ ಮುಟ್ಟಿದರೆ ಚಿಪ್ಪು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಸುಟ್ಟುಕೊಳ್ಳುವುದಿಲ್ಲ. ಪತ್ರ ಬರೆಯುವಾಗ, ಪಾಠದ ವಿಡಿಯೊ ನೋಡುವಾಗ 40 ಡಿಗ್ರಿಯಲ್ಲಿ ಕೂತಿರುವ ಚಿಪ್ಪಿಗೆ ಪೂರ್ತಿ ವೇಗದಲ್ಲಿ ಗಾಳಿ ಹೊಡೆದರೆ ಸಿಗುವುದು ಸದ್ದು ಮಾತ್ರ. ಅದು 60 ಡಿಗ್ರಿಗೆ ಏರಿದರೂ ಏನೂ ಆಗುವುದಿಲ್ಲ.

ವೇಗ ಇಳಿಸುವ ಗುಂಡಿ ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್ ಒಳಗಿದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಅಥವಾ ಎಫ್2 ಒತ್ತಿದರೆ ಅದು ತೆರೆಯುತ್ತದೆ. ಏಸಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್ ಬೋರ್ಡಿನಲ್ಲಿ ಸ್ಮಾರ್ಟ್ ಫ್ಯಾನ್ ಎಂಬ ಹೆಸರಿನಲ್ಲಿ ಉಷ್ಣತೆಗೂ ವೇಗಕ್ಕೂ ಸಂಬಂಧ ಕಟ್ಟುವ ಗೆರೆಯೊಂದು ಕಾಣುತ್ತದೆ. 60 ಡಿಗ್ರಿಯವರೆಗೆ ಆ ಗೆರೆಯನ್ನು ಕೆಳಗೇ ಎಳೆದಿಟ್ಟು, ಆಮೇಲೆ ಮೆಲ್ಲಗೆ ಏರಲು ಬಿಡಬೇಕು. 85ರ ಹೊತ್ತಿಗೆ ಪೂರ್ತಿ ವೇಗಕ್ಕೆ ಬಂದರೆ ಸಾಕು. ಏರಿಳಿತಕ್ಕೆ ಕೆಲವು ಸೆಕೆಂಡು ತಡ ಹಾಕುವ ಆಯ್ಕೆಯಿದ್ದರೆ ಅದನ್ನೂ ಹಾಕಬೇಕು. ಒಂದೇ ಸಮನಾದ ಗುಂಯ್ ಸದ್ದಿಗೆ ಕಿವಿ ಬೇಗ ಹೊಂದಿಕೊಳ್ಳುತ್ತದೆ. ಕ್ಷಣಕ್ಕೊಮ್ಮೆ ಏರಿ ಇಳಿಯುವ ಸದ್ದಿಗೆ ಹೊಂದಿಕೊಳ್ಳುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಎಷ್ಟೋ ಮನೆಗಳಲ್ಲಿ ಕ್ಯಾಬಿನೆಟ್ ಫ್ಯಾನು ಸದಾ ಪೂರ್ತಿ ವೇಗದಲ್ಲಿ ಓಡಲು ಇದೇ ಕಾರಣ. ನಾಲ್ಕು ಪಿನ್ನಿನ ಫ್ಯಾನು ನಾಲ್ಕನೇ ತಂತಿಯಲ್ಲಿ ಬರುವ ಸಂಕೇತದಿಂದ ವೇಗವನ್ನು ತಿಳಿದುಕೊಳ್ಳುತ್ತದೆ. ಆ ಸಂಕೇತ ಸೆಕೆಂಡಿಗೆ 25 ಸಾವಿರ ಸಲ ಮಿಡಿಯುತ್ತದೆ. ಮನುಷ್ಯನ ಕಿವಿಗೆ ಕೇಳಿಸದಷ್ಟು ಮೇಲಿರಲಿ ಎಂದೇ ಆ ಸಂಖ್ಯೆಯನ್ನು ಆರಿಸಲಾಗಿದೆ. ಮೂರು ಪಿನ್ನಿನ ಫ್ಯಾನಿಗೆ ಆ ತಂತಿಯೇ ಇಲ್ಲ. 12 ವೋಲ್ಟಿನಿಂದ ಕೆಳಗಿಳಿಸಿದರೆ ಮಾತ್ರ ಅದು ನಿಧಾನವಾಗುತ್ತದೆ. ಬಯಾಸ್‌ನಲ್ಲಿ ಪಿಡಬ್ಲ್ಯೂಎಂ, ಅಂದರೆ ನಾಲ್ಕನೇ ತಂತಿಯ ಸಂಕೇತ, ಎಂದಿದ್ದು ಫ್ಯಾನು ಮೂರು ಪಿನ್ನಿನದಾದರೆ ಅದು 12 ವೋಲ್ಟಿನಲ್ಲೇ ಹುಚ್ಚೆದ್ದು ತಿರುಗುತ್ತದೆ. ಆಯ್ಕೆಯನ್ನು ಡಿಸಿ, ಅಂದರೆ ವೋಲ್ಟೇಜಿನ ಹತೋಟಿ, ಎಂದು ಬದಲಿಸಿದರೆ ಕೂಡಲೇ ಹತೋಟಿಗೆ ಬರುತ್ತದೆ.

ಹಾಗೆಂದು ಫ್ಯಾನನ್ನೇ ತೆಗೆದುಹಾಕುವ ಉತ್ಸಾಹವೂ ಬೇಡ. 1977ರ ಆಪಲ್ 2 ಕಂಪ್ಯೂಟರಿಗೆ ಫ್ಯಾನಿರಲಿಲ್ಲ, ಅದು ಸುಖವಾಗಿ ನಡೆಯಿತು. 1980ರ ಆಪಲ್ 3ರಲ್ಲೂ ಫ್ಯಾನು ಬೇಡವೆಂದು ಸ್ಟೀವ್ ಜಾಬ್ಸ್ ಹಟ ಹಿಡಿದರು. ಆ ಯಂತ್ರ ಬಿಸಿಯ ತೊಂದರೆಗೆ ಹೆಸರಾಯಿತು, ಚಿಪ್ಪುಗಳು ಸಾಕೆಟ್ಟಿನಲ್ಲಿ ಸಡಿಲಗೊಂಡವು. ಯಂತ್ರವನ್ನು ಮೇಜಿನಿಂದ ಕೆಲವು ಅಂಗುಲ ಎತ್ತಿ ಕೆಳಗೆ ಬಿಡಿ, ಚಿಪ್ಪುಗಳು ಮತ್ತೆ ಕೂರುತ್ತವೆ ಎಂದು ಗ್ರಾಹಕರಿಗೆ ಹೇಳುವ ಸ್ಥಿತಿ ಬಂತು.

ಬಿಸಿಯನ್ನೇ ಕಡಿಮೆ ಹುಟ್ಟಿಸುವುದು ಅದಕ್ಕಿಂತ ಜಾಣತನ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು ಶೇ. 100ರಿಂದ 99ಕ್ಕೆ ಇಳಿಸಿದರೆ ಬಹಳಷ್ಟು ಯಂತ್ರಗಳಲ್ಲಿ ಚಿಪ್ಪು ಆಗಾಗ ವೇಗ ಏರಿಸಿಕೊಳ್ಳುವ ಟರ್ಬೊ ಬೂಸ್ಟ್ ನಿಲ್ಲುತ್ತದೆ. ಚಿಪ್ಪು ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗವನ್ನು ಅವಲಂಬಿಸಿದೆ. ಬೂಸ್ಟ್ ಹೊತ್ತಿನಲ್ಲಿ ವೋಲ್ಟೇಜೂ ಏರುವುದರಿಂದ ಚೂರು ವೇಗಕ್ಕೆ ಬಹಳ ಬಿಸಿಯ ಬೆಲೆ ತೆರಬೇಕಾಗುತ್ತದೆ. ಓದು ಬರಹದ ಕೆಲಸದಲ್ಲಿ ಆ ಚೂರು ವೇಗದ ಕೊರತೆ ಯಾರಿಗೂ ತಿಳಿಯದು.

ಐದಾರು ವರ್ಷದ ಯಂತ್ರವೆಂದ ಮೇಲೆ ದೂಳಿನ ಮಾತು ಬರಲೇಬೇಕು. ಹೀಟ್‌ಸಿಂಕಿನ ಎಲೆಗಳ ನಡುವೆ ದೂಳು ಹೆಪ್ಪುಗಟ್ಟಿದರೆ ಗಾಳಿ ನುಗ್ಗುವುದಿಲ್ಲ, ಬಿಸಿ ಏರುತ್ತದೆ, ಫ್ಯಾನು ವೇಗ ಹೆಚ್ಚಿಸಿಕೊಳ್ಳುತ್ತದೆ. ಪ್ಲಗ್ ಕಿತ್ತು, ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಉದುರಿಸಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸತು ಹಚ್ಚಬೇಕು, ಅದಕ್ಕೆ ಹೆಚ್ಚು ದುಡ್ಡೇನೂ ಆಗುವುದಿಲ್ಲ. ಆಯುಧಪೂಜೆಯ ದಿನ ಕಂಪ್ಯೂಟರಿಗೂ ಅರಿಸಿನ ಕುಂಕುಮ ಬೀಳುತ್ತದೆ, ಗಾಳಿಯಾಡುವ ಜಾಲರಿಯ ಮೇಲೆ ಹೂವಿನ ಹಾರ ಬೀಳುತ್ತದೆ. ಪೂಜೆ ಬೇಡವೆಂದಲ್ಲ. ಅಷ್ಟು ನುಣ್ಣನೆಯ ಪುಡಿಯನ್ನು ಫ್ಯಾನಿನ ಬಾಯಿಗೆ ಉದುರಿಸಿ, ನಿಂಬೆಹಣ್ಣಿನ ಮೇಲೆ ಭಾರ ಹಾಕಿ, ವರ್ಷಕ್ಕೊಮ್ಮೆಯಾದರೂ ಮುಚ್ಚಳ ಬಿಚ್ಚಿ ಒರೆಸದಿರುವುದು ಮಾತ್ರ ಆಯುಧಕ್ಕೆ ಮಾಡುವ ಮರ್ಯಾದೆಯಲ್ಲ. ಹಬ್ಬದ ಹಿಂದಿನ ದಿನ ಶುಚಿ ಮಾಡಿ, ಕುಂಕುಮವನ್ನು ಕ್ಯಾಬಿನೆಟ್ಟಿನ ಮುಚ್ಚಿದ ಬದಿಗೆ ಹಚ್ಚಿದರಾಯಿತು.

ದುಡ್ಡು ಹಾಕುವುದೇ ಆದರೆ ದೊಡ್ಡ ಫ್ಯಾನಿಗೆ ಹಾಕಬೇಕು. ಹಳೆಯ ಕ್ಯಾಬಿನೆಟ್ಟುಗಳಲ್ಲಿ 80 ಮಿಲಿಮೀಟರ್ ಫ್ಯಾನು ಇರುತ್ತದೆ. ಅದರ ಜಾಗಕ್ಕೆ 120 ಮಿಲಿಮೀಟರಿನದು ಬಂದರೆ ಅಷ್ಟೇ ಗಾಳಿಗೆ ಮೂರನೇ ಒಂದು ಪಾಲಿಗಿಂತ ಕಡಿಮೆ ವೇಗ ಸಾಕು. ಒಂದೇ ವೇಗದಲ್ಲಿ ದೊಡ್ಡ ಫ್ಯಾನು ಸುಮಾರು 12 ಡೆಸಿಬೆಲ್ ಹೆಚ್ಚು ಸದ್ದು ಮಾಡುತ್ತದೆ, ನಿಜ. ಆದರೆ ವೇಗ ಇಳಿದದ್ದರಿಂದ 26 ಡೆಸಿಬೆಲ್ ಕಳೆಯುತ್ತದೆ. ಕೂಡಿ ಕಳೆದರೆ 14 ಡೆಸಿಬೆಲ್ ಉಳಿತಾಯ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇಂಥ ಫ್ಯಾನು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕ್ಯಾಬಿನೆಟ್ಟಿನಲ್ಲಿ 120ರ ತೂತುಗಳಿವೆಯೇ ಎಂದು ಮೊದಲು ಅಳೆದು ನೋಡಬೇಕು.

ಹಾರ್ಡ್ ಡಿಸ್ಕಿನ ಕಥೆ ಬೇರೆ. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120. ಆ ನಡುಕ ತಾನಾಗಿ ಸಣ್ಣದು. ಅದನ್ನು ತಗಡಿನ ಕ್ಯಾಬಿನೆಟ್ಟಿಗೆ ಬಿಗಿಯಾಗಿ ಸ್ಕ್ರೂ ಮಾಡಿದಾಗ, ತಂಬೂರಿಯ ತಂತಿಯ ಕ್ಷೀಣ ನಾದವನ್ನು ಬುರುಡೆ ದೊಡ್ಡದು ಮಾಡುವಂತೆ, ಇಡೀ ತಗಡು ಹಾಡಲು ತೊಡಗುತ್ತದೆ. ಸ್ಕ್ರೂಗಳ ನಡುವೆ ರಬ್ಬರ್ ವಾಷರ್ ಹಾಕಿದರೆ ಆ ಕೊಂಡಿ ಕಳಚುತ್ತದೆ. ಎಸ್‌ಎಸ್‌ಡಿಗೆ ಬದಲಾಯಿಸಿದರೆ ತಿರುಗುವ ಭಾಗವೇ ಇರುವುದಿಲ್ಲ; ಯಂತ್ರವೂ ಚುರುಕಾಗುತ್ತದೆ.

ಕ್ಯಾಬಿನೆಟ್ಟಿನ ಒಳಗೆ ಮೊಟ್ಟೆಯ ಟ್ರೇ ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬಾರದು. ಸದ್ದನ್ನು ತಡೆಯಲು ತೂಕ ಬೇಕು. ತೆಳ್ಳನೆ ಕಾಗದದ ಟ್ರೇ ತಡೆಯುವುದು ಗಾಳಿಯನ್ನು, ಬಿಸಿಯಾದರೆ ಬೆಂಕಿಯ ಅಪಾಯವೂ ಉಂಟು. ಅದರ ಬದಲು ಕ್ಯಾಬಿನೆಟ್ಟನ್ನು ಮೇಜಿನ ಮೇಲಿಂದ ಕೆಳಗಿಳಿಸಿ, ದೂಳು ತಾಗದಂತೆ ಒಂದು ಮಣೆಯ ಮೇಲೆ, ಗೋಡೆಗೆ ಒತ್ತದಂತೆ ಇಡುವುದು ಲೇಸು. ಬಯಲಿನಲ್ಲಾದರೆ ಅಂತರ ಇಮ್ಮಡಿಯಾದಾಗ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳು ಸದ್ದನ್ನು ಮರಳಿಸುವುದರಿಂದ ಅಷ್ಟು ಸಿಗದು, ಆದರೂ ಕಿವಿಗೆ ತಿಳಿಯುವಷ್ಟು ಸಿಗುತ್ತದೆ.

ಕರಕರ ಎನ್ನುವ ಹಳೆಯ ಫ್ಯಾನಿಗೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹಾಸನದ ಚಳಿಗಾಲದ ಬೆಳಗಿನಲ್ಲಿ ಫ್ಯಾನು ತಿರುಗಲು ಒದ್ದಾಡಬೇಕಾಗುತ್ತದೆ. ನಡುವಿನ ಸ್ಟಿಕ್ಕರ್ ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ತೊಟ್ಟು ಬಿಟ್ಟರೆ ಕೆಲವು ಫ್ಯಾನುಗಳು ಇನ್ನೂ ಸ್ವಲ್ಪ ಕಾಲ ಬಾಳುತ್ತವೆ. ಎಸ್‌ಎಂಪಿಎಸ್ ಒಳಗಿನ ಫ್ಯಾನಿಗೆ ಮಾತ್ರ ಈ ಪ್ರಯೋಗ ಬೇಡವೇ ಬೇಡ. ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಇಷ್ಟೆಲ್ಲ ಮಾಡಿದ ಮೇಲೆ, ಫ್ಯಾನುಗಳ ಗದ್ದಲದಲ್ಲಿ ಇಷ್ಟು ದಿನ ಮುಚ್ಚಿಹೋಗಿದ್ದ ತೆಳ್ಳನೆಯ ಕೀರಲು ದನಿಯೊಂದು ಕೇಳಿಸತೊಡಗಬಹುದು. ಅದು ಗ್ರಾಫಿಕ್ಸ್ ಕಾರ್ಡ್ ಅಥವಾ ಎಸ್‌ಎಂಪಿಎಸ್‌ನ ತಾಮ್ರದ ಸುರುಳಿಗಳದ್ದು. ಅವುಗಳಲ್ಲಿ ಹರಿಯುವ ವಿದ್ಯುತ್ತು ವೇಗವಾಗಿ ಏರಿಳಿಯುವಾಗ ಕಾಂತಬಲಕ್ಕೆ ಸಿಕ್ಕಿ ಸುರುಳಿ ಕಂಪಿಸುತ್ತದೆ. ಯಂತ್ರ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಆಟ ಆಡುವಾಗಲೇ ಕೇಳಿಸುತ್ತಿದ್ದರೆ ಆಟದ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 60 ಚಿತ್ರಗಳ ಮಿತಿ ಹಾಕಿ ನೋಡಬಹುದು; ಬಹಳ ಸಲ ಆ ಕೀರಲು ಅಡಗುತ್ತದೆ, ಕಾರ್ಡಿನ ಬಿಸಿ ಇಳಿದು ಅದರ ಫ್ಯಾನೂ ನಿಧಾನವಾಗುತ್ತದೆ.